ಒಂಬತ್ತನೆಯ ಕೊಕ್ಕೆ

ಮಾತ್ರೆಗಳನ್ನು ಐದೈದಾಗಿ ಎಣಿಸಿ ಅಭ್ಯಾಸವಾದ ಕೈ ಇದು,
ಮಗಳ ಪ್ರೀಸ್ಕೂಲನ್ನೂ ಎಣಿಸಿಯೇ ನೋಡೋಣವೆಂದು
ಔಷಧಿ ಪೊಟ್ಟಣದ ಬೆನ್ನಿಗೆ ಒಂದು ಗೆರೆ ಎಳೆದೆ.
ಎಡಕ್ಕೆ ವಿಲ್ಗಾ ಕ್ರಾಸಿಂಗ್, ಬಲಕ್ಕೆ ಬ್ಯಾರೆಲ್ ಫ್ಲಾಟ್.
ಎರಡೂ ಸರ್ಕಾರದ್ದೇ, ಬೋರ್ಡಿನ ನೀಲಿಯೂ ಒಂದೇ.
ನಡುವೆ ಇಪ್ಪತ್ತೆಂಟು ಕಿಲೋಮೀಟರ್ ಗೋಧಿ,
ಒಂದು ರೈಲು ಗೇಟು,
ರೈಲಿಲ್ಲ.

ಎಡಕ್ಕೆ ಬರೆದೆ:
ಮನೆಯಿಂದ ನಡೆದರೆ ಆರು ನಿಮಿಷ,
ಬಾಗಿಲು ತೆರೆಯುವುದು ಎಂಟೂವರೆಗೆ, ನನ್ನ ಅಂಗಡಿ ಒಂಬತ್ತಕ್ಕೆ,
ವಾರಕ್ಕೆ ಐದು ದಿನ, ಹತ್ತೊಂಬತ್ತು ಮಕ್ಕಳು,
ಮರಳುಗುಂಡಿಯ ಮೇಲೆ ಹೊಸ ನೆರಳುಬಟ್ಟೆ.
ಟೀಚರ್ ಟೇಗನ್‌ಗೆ ಇಪ್ಪತ್ತಾರು,
ಮಕ್ಕಳೊಡನೆ ಮಾತಾಡಲು ಮಂಡಿಯೂರಿ ಕೂರುತ್ತಾಳೆ;
ಅಭ್ಯಾಸಬಲ, ನನ್ನ ಮುಂದೆಯೂ ಒಮ್ಮೆ ಕೂರಹೋದಳು.

ಬಲಕ್ಕೆ:
ವಾರಕ್ಕೆ ಮೂರೇ ದಿನ. ಬೇಲಿಯಾಚೆ ಕುರಿಗಳು, ಕೆಲವೊಮ್ಮೆ ಈಚೆ.
ಎಂಟು ಮಕ್ಕಳು, ಒಂದು ನಲ್ಲಿ,
ಸೋರುವ ಅದರ ಬಾಯಿಗೆ ಹೆಬ್ಬೆರಳು ಕೊಟ್ಟು
ಕಾವಲು ನಿಂತ ಒಬ್ಬ ಹುಡುಗ.
ಗ್ಲೆನಿಸ್, ಅರವತ್ತರ ಆಸುಪಾಸು,
ಮೂವತ್ತು ವರ್ಷದಿಂದ ಅದೇ ಪಿಯಾನೋಗೆ ಅದೇ ಬೈಗುಳ.
ನನ್ನ ಮಗಳು ಮೇಜಿನ ಕೆಳಗೆ ಸೇರಿಕೊಂಡಾಗ
"ಅಲ್ಲಿ ಹವಾಮಾನ ಹೇಗಿದೆ?" ಎಂದು ಕೇಳಿ
ಉತ್ತರಕ್ಕೆ ಕಾಯದೆ ಬ್ರೆಡ್ಡಿಗೆ ಬೆಣ್ಣೆ ಹಚ್ಚತೊಡಗಿದಳು.
ಹತ್ತು ನಿಮಿಷ ಕಳೆದು ಕೆಳಗಿನಿಂದ ವರದಿ ಬಂತು:
"ಮೋಡ."
ಕನ್ನಡದಲ್ಲಿ. ಗ್ಲೆನಿಸ್ ತಲೆಯಾಡಿಸಿದಳು,
ಅನುವಾದ ಕೇಳಲಿಲ್ಲ.

ಆಮೇಲೆ ತಿಳಿಯಿತು, ಪಟ್ಟಿ ಹಿಡಿದವಳು ನಾನೊಬ್ಬಳೇ ಅಲ್ಲ.
ನಾನೂರು ಜನರ ಊರು; ಗಾಳಿಗೂ ಹಾಜರಿ ಹಾಕುವವರು.
ಡಂಕನ್ ಸನ್‌ಸ್ಕ್ರೀನಿಗೆ ದುಡ್ಡು ಕೊಟ್ಟು
ಚಿಲ್ಲರೆ ಬರಬೇಕಾದವನ ಹಾಗೆ ನಿಂತ.
"ಫ್ಲಾಟಿನಲ್ಲಿ ಈಗ ಎಂಟು. ಒಂಬತ್ತಾದರೆ
ಗ್ಲೆನಿಸ್‌ಗೆ ಮೂರು ದಿನ ಉಳಿಯುತ್ತೆ. ಇಲ್ಲದಿದ್ದರೆ ಎರಡು.
ಒತ್ತಾಯ ಏನಿಲ್ಲ."
ಮಧ್ಯಾಹ್ನ ಅಂಚೆಯ ವೆಂಡಿಯೂ ಒತ್ತಾಯ ಏನಿಲ್ಲ ಎಂದಳು,
ಸಂಜೆ ಯಾರೋ ಕೆಮ್ಮಿನ ಸಿರಪ್ಪಿನ ಜೊತೆ ಅದನ್ನೇ ಎಂದರು.
ಇಲ್ಲದ ಒತ್ತಾಯ ಎಷ್ಟು ತೂಗುತ್ತದೆಂದು
ರಾತ್ರಿ ಶಟರ್ ಎಳೆಯುವಾಗ ಭುಜಕ್ಕೆ ಗೊತ್ತಾಯಿತು.
ನಾನು ಶಾಲೆಗಳನ್ನು ಹೋಲಿಸುತ್ತಿದ್ದೆ,
ಊರು ನನ್ನ ಮಗಳನ್ನು ಎಣಿಸುತ್ತಿತ್ತು.

ನೇಸರಳನ್ನೇ ಕೇಳಿದೆ, ಯಾವುದು ಚೆನ್ನಾಗಿತ್ತು?
"ಆ ಹುಡುಗ ಬೆರಳು ತೆಗೆದನಾ?" ಎಂದಳು.
ಅದನ್ನು ಬರೆಯಲು ಪೊಟ್ಟಣದಲ್ಲಿ ಜಾಗವಿರಲಿಲ್ಲ.

ಕೊನೆಗೆ ಗಡಿಯಾರ ತೀರ್ಮಾನಿಸಿತು.
ಎಂಟೂವರೆ. ಆರು ನಿಮಿಷ.
ಮಬ್ಬುಗತ್ತಲ ದಾರಿಗೆ ಅಡ್ಡ ಬರುವ ಕಾಂಗರೂ,
ಗಂಡ ಐದು ಗಂಟೆ ದೂರದ ಗಣಿಯಲ್ಲಿ, ಎರಡು ವಾರಕ್ಕೊಮ್ಮೆ ಮನೆ.
ಎಲ್ಲವೂ ನಿಜವಾದ ಕಾರಣಗಳೇ,
ಹೇಳುವಾಗ ಮಾತ್ರ ನೆಪದ ಹಾಗೆ ಕೇಳುತ್ತವೆ.

ಫೆಬ್ರವರಿಯ ಒಂದು ಶುಕ್ರವಾರ ಗ್ಲೆನಿಸ್ ಬಂದಳು.
ಶುಕ್ರವಾರ ಈಗ ಆಕೆಗೆ ಬಿಡುವು.
ರಕ್ತದೊತ್ತಡದ ಮಾತ್ರೆ, ತಿಂಗಳಿನದು.
ಲೇಬಲ್ ಓರೆ ಅಂಟಿತು; ಕಿತ್ತು ಮತ್ತೆ ಅಂಟಿಸಿದೆ.
ಊಟಕ್ಕೆ ಮೊದಲೋ ಆಮೇಲೋ, ಹದಿನಾಲ್ಕು ವರ್ಷದಿಂದ
ಆಕೆಗೆ ಗೊತ್ತಿರುವುದನ್ನು ಮತ್ತೆ ವಿವರಿಸಿದೆ.
ಆಕೆ ಪೂರ್ತಿ ಕೇಳಿಸಿಕೊಂಡಳು.
ಆಮೇಲೆ ಕೈಚೀಲದಿಂದ ಒಂದು ರಟ್ಟಿನ ಚೌಕ ತೆಗೆದು
ಕೌಂಟರಿನ ಮೇಲಿಟ್ಟಳು: ಪ್ಲಾಸ್ಟಿಕ್ ಹೊದಿಸಿದ ಚಿತ್ರ,
ನೀಲಿ ಮೇಜು, ಅದರ ಕೆಳಗೊಬ್ಬ ಪುಟ್ಟ ಸೂರ್ಯ,
ಮಗಳ ಹೆಸರು, ಕಾಗುಣಿತ ತಪ್ಪಿಲ್ಲದೆ.
ಮೋಡ ಎಂದದ್ದು ಆಕೆಗೆ ಅರ್ಥವಾಗಿರಲಿಲ್ಲ.

"ಕೊಕ್ಕೆಯ ಮೇಲೆ ಅಂಟಿಸುವುದು. ಹೇಗೂ ಬರೆದಾಗಿತ್ತು.
ನಲ್ಲಿ ರಿಪೇರಿ ಆಯಿತು ಅಂತ ಹೇಳು ಅವಳಿಗೆ."

ಅಂಗಡಿಯಲ್ಲಿ ಒಂದು ಡ್ರಾಯರ್ ಇದೆ.
ಸ್ಟಾಕು ಸಾಲದೆ ಅರ್ಧ ಕೊಟ್ಟು,
ಉಳಿದದ್ದು ನಾಳೆ ಎಂದು ಬರೆದಿಟ್ಟ ಚೀಟಿಗಳು ಅದರಲ್ಲಿ.
ಮೇಲೆ 'ಬಾಕಿ' ಎಂಬ ಪಟ್ಟಿ.
ಸದ್ಯಕ್ಕೆ ಸೂರ್ಯ ಅಲ್ಲಿದ್ದಾನೆ.
ಮನೆಗೆ ಒಯ್ಯಬೇಕು, ದಿನಾ ಅಂದುಕೊಳ್ಳುತ್ತೇನೆ.